ಗುಜರಿಗೆ ಹಾಕುವ ಮುನ್ನ ಎರಡು ತಂತಿ ನೋಡಿ

ಹಳೆಯ ವ್ಯಾಯಾಮ ಸೈಕಲ್, ಟ್ರೆಡ್‌ಮಿಲ್‌ಗಳ ಗುರುತಿಲ್ಲದ ಸೆನ್ಸರ್ ತಂತಿಗಳನ್ನು ಪತ್ತೆ ಹಚ್ಚುವ ಬಗೆ

ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗರನ್ನು ಕಕ್ಕಾಬಿಕ್ಕಿ ಮಾಡುವ ಶಬ್ದಗಳಲ್ಲಿ ‘ಭಂಗಾರ್’ ಒಂದು. ನಮ್ಮ ಕಿವಿಗೆ ಅದು ಬಂಗಾರ, ಇಲ್ಲಿಯವರಿಗೆ ಗುಜರಿ. ಒಮ್ಮೊಮ್ಮೆ ಈ ಎರಡು ಅರ್ಥಗಳ ನಡುವಿನ ಅಂತರ ಬಹಳ ಕಡಿಮೆ. ಭಂಗಾರ್‌ವಾಲಾನ ಕೈಗಾಡಿಯಲ್ಲಿ ಹಳೆಯ ಕೂಲರ್, ಮುರಿದ ಕುರ್ಚಿಗಳ ನಡುವೆ ಆಗಾಗ ಒಂದು ವ್ಯಾಯಾಮದ ಸೈಕಲ್ ಕಾಣುತ್ತದೆ. ಪೆಡಲ್ ಸರಿಯಿರುತ್ತದೆ, ಸೀಟು ಗಟ್ಟಿಯಿರುತ್ತದೆ, ಗಾಲಿ ನುಣ್ಣಗೆ ತಿರುಗುತ್ತದೆ. ಕೆಟ್ಟಿರುವುದು ಒಂದೇ: ಎಷ್ಟು ತುಳಿದರೂ ಎದುರಿನ ಪುಟ್ಟ ಪರದೆ ಸೊನ್ನೆಯನ್ನೇ ತೋರಿಸುತ್ತದೆ.

ಮನೆಯವರು ಕಂಪನಿಗೆ ಫೋನ್ ಮಾಡಿರುತ್ತಾರೆ. ಆ ಮಾಡೆಲ್ ನಿಂತು ಎಷ್ಟೋ ವರ್ಷವಾಗಿರುತ್ತದೆ, ಇಲ್ಲವೇ ಕಂಪನಿಯೇ ಬಾಗಿಲು ಹಾಕಿರುತ್ತದೆ. ಹೊರಗಿನ ಮೆಕ್ಯಾನಿಕ್ ಬಂದು ನೋಡಿ ‘ಬೋರ್ಡ್ ಹೋಗಿದೆ’ ಎನ್ನುತ್ತಾನೆ. ಅವನು ಹೇಳುವ ಹಣಕ್ಕೆ ಇನ್ನಷ್ಟು ಸೇರಿಸಿದರೆ ಹೊಸ ಸೈಕಲ್ಲೇ ಬರುತ್ತದಲ್ಲ ಎಂದು ಹಳೆಯದನ್ನು ಕೈಗಾಡಿಗೆ ಹತ್ತಿಸುತ್ತಾರೆ. ಎಷ್ಟೋ ಸಲ ನಿಜವಾಗಿ ಹೋಗಿರುವುದು ಬೋರ್ಡಲ್ಲ. ಒಂದು ಮಸಾಲೆ ದೋಸೆಯ ಬೆಲೆಯೂ ಇಲ್ಲದ ಸೆನ್ಸರ್, ಕಿತ್ತು ಬಿದ್ದ ಅಯಸ್ಕಾಂತ, ಇಲ್ಲವೇ ಕಂಬದೊಳಗೆ ನಜ್ಜಾಗಿ ತುಂಡಾದ ತಂತಿ.

ಇದು ಬರೀ ದುಡ್ಡಿನ ಲೆಕ್ಕವಲ್ಲ. ಮಕ್ಕಳ ಜೊತೆಗಿರಲು ಊರುಬಿಟ್ಟು ಬಂದ ನಮ್ಮ ಹಿರಿಯರಿಗೆ ಮಹಾನಗರದಲ್ಲಿ ನಡೆಯಲು ಜಾಗವೆಲ್ಲಿದೆ? ಕೆಳಗಿಳಿದರೆ ಗಾಡಿಗಳ ಸಾಲು, ಮಳೆಗಾಲದಲ್ಲಿ ಜಾರುವ ಫುಟ್‌ಪಾತು. ಮಂಡಿಯ ಆಪರೇಷನ್ ಆದವರಿಗೂ, ಸಕ್ಕರೆ ಕಾಯಿಲೆಯವರಿಗೂ ಹಾಲಿನ ಮೂಲೆಯಲ್ಲಿರುವ ಸೈಕಲ್ಲೇ ಬೀದಿ, ಅದೇ ಪಾರ್ಕು. ‘ಇಷ್ಟು ನಿಮಿಷ, ಇಷ್ಟೇ ವೇಗ’ ಎಂದು ಫಿಸಿಯೋಥೆರಪಿಯವರು ಬರೆದುಕೊಟ್ಟವರಿಗೆ ಪರದೆಯ ಅಂಕಿ ಅಲಂಕಾರವಲ್ಲ, ಔಷಧದ ಅಳತೆಯಿದ್ದಂತೆ.

ಆದ್ದರಿಂದ ಈ ಲೇಖನ. ಬೋರ್ಡು ಹೋಗಿದೆಯೋ ಸೆನ್ಸರ್ ಹೋಗಿದೆಯೋ ಎಂದು ತಿಳಿಯುವುದು ಎಂಜಿನಿಯರುಗಳಿಗಷ್ಟೇ ಸಾಧ್ಯವಾದ ವಿದ್ಯೆಯಲ್ಲ. ಈ ಯಂತ್ರಗಳಲ್ಲಿ ಬರುವ ಸೆನ್ಸರ್ ಬಗೆಗಳು ಬೆರಳೆಣಿಕೆಯಷ್ಟು. ಅವುಗಳ ಗುಣ ಗೊತ್ತಿದ್ದರೆ ಹೆಸರಿಲ್ಲದ ತಂತಿಯೂ ತನ್ನ ಹೆಸರು ತಾನೇ ಹೇಳುತ್ತದೆ.

ಬಣ್ಣವನ್ನು ನಂಬಬೇಡಿ

ಮುಚ್ಚಳ ಬಿಚ್ಚಿದ ಕೂಡಲೇ ನಾವು ಮಾಡುವ ಮೊದಲ ಊಹೆ ಬಣ್ಣದ್ದು. ಕೆಂಪು ಪ್ಲಸ್, ಕಪ್ಪು ಮೈನಸ್ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ವ್ಯಾಯಾಮ ಯಂತ್ರಗಳ ಸೆನ್ಸರ್ ತಂತಿಗಳಿಗೆ ಎಲ್ಲರೂ ಒಪ್ಪಿಕೊಂಡ ಬಣ್ಣದ ನಿಯಮ ಇಲ್ಲ. ಒಂದೇ ಕಾರ್ಖಾನೆಯ ಸರಕು ಬೇರೆ ಬೇರೆ ಹೆಸರಿನ ಸ್ಟಿಕರ್ ಅಂಟಿಸಿಕೊಂಡು ಮಾರಾಟವಾಗುವುದುಂಟು. ಒಂದೇ ಹೆಸರಿನ ಎರಡು ಯಂತ್ರಗಳ ಒಳಗೆ ಬೇರೆ ಬೇರೆ ತಂತಿ ಇರುವುದೂ ಉಂಟು. ಮೇಲಿನ ತುಂಡಿನಲ್ಲಿ ಕೆಂಪಾಗಿದ್ದ ತಂತಿ, ಕಂಬದ ನಡುವಿನ ಜೋಡಣೆ ದಾಟಿದ ಮೇಲೆ ಹಳದಿಯಾಗಿರಬಹುದು. ಬಣ್ಣ ಒಂದು ಸುಳಿವು ಅಷ್ಟೇ, ಸಾಕ್ಷಿಯಲ್ಲ.

ಸಾಕ್ಷಿ ಸಿಗುವುದು ಮೂರು ಕಡೆ. ತಂತಿ ಹೊರಡುವ ಜಾಗ, ಒಟ್ಟಿಗೆ ಬರುವ ತಂತಿಗಳ ಎಣಿಕೆ, ಮತ್ತು ಮಲ್ಟಿಮೀಟರಿಗೆ ಅವು ಕೊಡುವ ಉತ್ತರ. ಡಿಸ್‌ಪ್ಲೇಗೆ ಹೋಗುವ ಪ್ಲಗ್ಗಿನಿಂದ ಊಹೆ ಶುರುಮಾಡಿದರೆ ದಾರಿ ತಪ್ಪುತ್ತದೆ, ಏಕೆಂದರೆ ಅಲ್ಲಿ ಎರಡು ಮೂರು ಸೆನ್ಸರುಗಳ ತಂತಿಗಳು ಒಂದೇ ಕಟ್ಟಾಗಿ ಬಂದಿರುತ್ತವೆ. ಹುಡುಕಾಟ ಸೆನ್ಸರಿನ ಕಡೆಯಿಂದ ಆರಂಭವಾಗಲಿ. ನದಿಯ ಹೆಸರು ಸಂಗಮದಲ್ಲಿ ತಿಳಿಯದಿದ್ದರೆ ಮೂಲಕ್ಕೆ ಹೋಗಿ ನೋಡಬೇಕು.

ಬೇಕಾದ ಸಾಮಾನು ಸ್ವಲ್ಪವೇ: ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ, ಕಾಗದದ ಟೇಪು, ಪೆನ್ನು, ಮೊಬೈಲ್ ಕ್ಯಾಮೆರಾ. ಯಾವುದೇ ಪ್ಲಗ್ ಎಳೆಯುವ ಮುನ್ನ ಫೋಟೋ ತೆಗೆಯಿರಿ. ಎಳೆದ ಮೇಲೆ ಎರಡೂ ತುದಿಗೆ ಟೇಪು ಸುತ್ತಿ ಒಂದೇ ಸಂಖ್ಯೆ ಬರೆಯಿರಿ.

ಎರಡು ತಂತಿ: ಗಾಜಿನೊಳಗಿನ ಎರಡು ನಾಲಿಗೆ

ಮನೆಯ ಸೈಕಲ್ಲುಗಳಲ್ಲಿ ವೇಗ ಎಣಿಸುವ ಕೆಲಸ ಬಹುಮಟ್ಟಿಗೆ ರೀಡ್ ಸ್ವಿಚ್‌ನದು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ 1936ರಲ್ಲಿ ರೂಪಿಸಿದ ಈ ಸಾಧನದ ಬೆರಗು ಅದರ ಸರಳತೆಯಲ್ಲಿದೆ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಗಾಜಿನ ಕೊಳವೆ, ಅದರೊಳಗೆ ಒಂದರ ಮೇಲೊಂದು ಬಂದರೂ ಮುಟ್ಟದಂತೆ ನಿಂತ ಎರಡು ತೆಳುವಾದ ಲೋಹದ ನಾಲಿಗೆಗಳು. ಅಯಸ್ಕಾಂತ ಹತ್ತಿರ ಬಂದರೆ ಎರಡೂ ಸೆಳೆತಕ್ಕೆ ಸಿಕ್ಕಿ ಒಂದನ್ನೊಂದು ಮುಟ್ಟುತ್ತವೆ, ದೂರ ಹೋದರೆ ಬೇರೆಯಾಗುತ್ತವೆ. ಸೈಕಲ್ಲಿನಲ್ಲಿ ಪೆಡಲಿಗೆ ಸೇರಿದ ದೊಡ್ಡ ರಾಟೆಯ ಅಂಚಿಗೆ ಒಂದು ಅಯಸ್ಕಾಂತ ಅಂಟಿಸಿರುತ್ತಾರೆ. ಅದು ಪ್ರತಿ ಸುತ್ತಿಗೆ ಒಮ್ಮೆ ಈ ಕೊಳವೆಯ ಎದುರು ಹಾಯುತ್ತದೆ. ಡಿಸ್‌ಪ್ಲೇ ಮಾಡುವುದು ‘ಮುಟ್ಟಿತು, ಬಿಟ್ಟಿತು’ ಎಂಬುದರ ಎಣಿಕೆ. ವೇಗ, ದೂರ ಎಲ್ಲವೂ ಆ ಎಣಿಕೆಯ ಗುಣಾಕಾರ.

ಪತ್ತೆ ಸುಲಭ. ತಂತಿಯನ್ನು ಡಿಸ್‌ಪ್ಲೇಯಿಂದ ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಸದ್ದಿನ ಗುರುತಿಗೆ ತಿರುಗಿಸಿ, ಎರಡು ಮೊನೆಗಳನ್ನು ಎರಡು ತಂತಿಗೆ ಹಿಡಿಯಿರಿ. ಪೆಡಲನ್ನು ನಿಧಾನವಾಗಿ ತಿರುಗಿಸಿ. ಸುತ್ತಿಗೊಮ್ಮೆ ಬೀಪ್ ಬಂದರೆ ಅದು ರೀಡ್ ಸ್ವಿಚ್, ಮತ್ತು ಅದು ಸರಿಯಿದೆ. ಇದಕ್ಕೆ ಪ್ಲಸ್ ಮೈನಸ್ ಭೇದವಿಲ್ಲ, ಹೇಗೆ ಜೋಡಿಸಿದರೂ ನಡೆಯುತ್ತದೆ. ನಿಲ್ಲದೆ ಕೂಗುತ್ತಲೇ ಇದ್ದರೆ ನಾಲಿಗೆಗಳು ಅಂಟಿಕೊಂಡಿವೆ, ಇಲ್ಲವೇ ದಾರಿಯಲ್ಲಿ ತಂತಿಗಳು ಒಂದನ್ನೊಂದು ಮುಟ್ಟುತ್ತಿವೆ. ಎಂದೂ ಕೂಗದಿದ್ದರೆ ಮೂರು ಸಾಧ್ಯತೆ: ತಂತಿ ತುಂಡಾಗಿದೆ, ಗಾಜು ಒಡೆದಿದೆ, ಅಥವಾ ಅಯಸ್ಕಾಂತವೇ ಜಾಗದಲ್ಲಿಲ್ಲ.

ಈ ಮೂರನ್ನು ಬೇರ್ಪಡಿಸುವುದು ಹೇಗೆ ಎಂಬುದಕ್ಕೆ ಠಾಣೆಯ ನಮ್ಮ ಕಟ್ಟಡದ್ದೇ ಒಂದು ಉದಾಹರಣೆ ಕೊಡಬಹುದು. ಎರಡನೇ ಮಾಳಿಗೆಯಲ್ಲಿ ಧಾರವಾಡ ಕಡೆಯ ಕಾಕಾ ಇದ್ದಾರೆ. ಮಂಡಿಯ ಆಪರೇಷನ್ ಆಗಿದೆ. ದಾದರಿನಿಂದ ಮನೆ ಬದಲಿಸುವಾಗ ಸಾಮಾನು ಸಾಗಿಸುವವರು ಸೈಕಲ್ಲನ್ನು ಎರಡು ಭಾಗ ಮಾಡಿ ತಂದಿದ್ದರು. ಕಂಬದ ಕತ್ತಿನಲ್ಲಿದ್ದ ಪ್ಲಗ್ ಕಿತ್ತು ತಂತಿಗಳು ಬಿಡಿಬಿಡಿಯಾಗಿ ನೇತಾಡುತ್ತಿದ್ದವು. ದುರಸ್ತಿಯವನು ಫೋನಿನಲ್ಲೇ ‘ಬೋರ್ಡ್ ಬದಲಿಸಬೇಕು’ ಎಂದಿದ್ದ.

“ತಮ್ಮಾ, ಗಾಲಿ ಚಲೋ ತಿರಗತೈತಿ, ಲೆಕ್ಕ ಮಾತ್ರ ಏಳವಲ್ದು. ನಿಮಿಷಕ್ಕ ಐವತ್ತು ಸುತ್ತು ದಾಟಬ್ಯಾಡ್ರಿ ಅಂದಾರ ಡಾಕ್ಟರು. ತುಳೀಲೋ, ಎಣಸಲೋ?” ಎಂದರು ಕಾಕಾ.

“ಬೋರ್ಡ್ ವಿಷಯ ಆಮೇಲೆ ಕಾಕಾ. ಮೊದಲು ಈ ತಂತಿಗಳು ಯಾರ‍್ಯಾರು ಅಂತ ಕೇಳೋಣ” ಎಂದೆ.

ಕೆಳಗಿನಿಂದ ಬಂದದ್ದು ಎರಡು ತಂತಿ, ಎರಡೂ ಕಪ್ಪು. ಹಿಡಿಕೆಗಳಿಂದ ಬಂದದ್ದು ನಾಲ್ಕು. ಕೆಳಗಿನ ಎರಡಕ್ಕೆ ಮಲ್ಟಿಮೀಟರ್ ಹಿಡಿದು ಪೆಡಲ್ ತಿರುಗಿಸಿದರೆ ಸದ್ದಿಲ್ಲ. ಪಕ್ಕದ ಪ್ಲಾಸ್ಟಿಕ್ ಕವರ್ ಬಿಚ್ಚಿದೆವು. ರಾಟೆಯ ಪಕ್ಕ, ಫ್ರೇಮಿಗೆ ಸ್ಕ್ರೂ ಹಾಕಿ ನಿಲ್ಲಿಸಿದ ಕಪ್ಪು ತುಣುಕೇ ಸೆನ್ಸರ್. ಅದಕ್ಕೆ ಹಿಡಿಯಲು ಅಯಸ್ಕಾಂತ ಬೇಕಲ್ಲ? ಫ್ರಿಜ್ಜಿಗೆ ಅಂಟಿಸುವ ಚಪ್ಪಟೆ ರಬ್ಬರಿನಂಥವು ಇದಕ್ಕೆ ಸಾಲುವುದಿಲ್ಲ, ಅವುಗಳ ಸೆಳೆತ ಮೇಲ್ಮೈ ಬಿಟ್ಟು ದೂರ ಹೋಗುವುದಿಲ್ಲ. ಕಾಕು ತಮ್ಮ ಪರ್ಸ್ ತಂದುಕೊಟ್ಟರು. ಅದರ ಬಾಯಿ ಮುಚ್ಚುವ ಗುಂಡಿಯಲ್ಲೇ ಒಳ್ಳೆಯ ಅಯಸ್ಕಾಂತವಿತ್ತು. ಪರ್ಸನ್ನು ಸೆನ್ಸರಿನ ಮುಂದೆ ಆಡಿಸಿದರೆ ಬೀಪ್, ಸರಿಸಿದರೆ ಮೌನ.

ಅಲ್ಲಿಗೆ ತಂತಿಯೂ ಸರಿ, ಗಾಜೂ ಸರಿ ಎಂದಾಯಿತು. ಉಳಿದದ್ದು ರಾಟೆಯ ಅಯಸ್ಕಾಂತ. ರಾಟೆಯ ಅಂಚಿನಲ್ಲಿ ಒಣಗಿದ ಅಂಟಿನ ಗುಂಡನೆಯ ಗುರುತಿತ್ತು, ಅಯಸ್ಕಾಂತ ಇರಲಿಲ್ಲ. ಅದು ಎಲ್ಲೂ ಹೋಗಿರಲಿಲ್ಲ. ಕಬ್ಬಿಣದ ಫ್ರೇಮಿನ ಅಡಿಗೆ ಕಚ್ಚಿಕೊಂಡು ಕೂತಿತ್ತು. ಬಿದ್ದ ಅಯಸ್ಕಾಂತ ಸಾಮಾನ್ಯವಾಗಿ ಹೀಗೆಯೇ ಹತ್ತಿರದ ಕಬ್ಬಿಣ ಹಿಡಿದಿರುತ್ತದೆ, ಹೊಸದು ತರುವ ಮುನ್ನ ಹುಡುಕಿ ನೋಡಬೇಕು. ಎಪಾಕ್ಸಿ ಅಂಟಿನಿಂದ ಅದೇ ಗುರುತಿನ ಮೇಲೆ, ಮೊದಲಿದ್ದ ಮುಖವೇ ಹೊರಗೆ ಬರುವಂತೆ ಕೂರಿಸಿ ಒಂದು ರಾತ್ರಿ ಬಿಟ್ಟೆವು. ಮರುದಿನ ಸುತ್ತಿಗೊಂದು ಬೀಪ್.

ಡಿಸ್‌ಪ್ಲೇ ಬದುಕಿದೆಯೇ?

ಇನ್ನು ಮೇಲಿನ ಕಡೆ. ಸೆಲ್ಲಿನಿಂದ ನಡೆಯುವ ಡಿಸ್‌ಪ್ಲೇ ಆದರೆ ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ ನೋಡಲು ಹೆದರಬೇಕಿಲ್ಲ. ಒಳಗಿರುವುದು 1.5 ಅಥವಾ 3 ವೋಲ್ಟ್ ಅಷ್ಟೇ. ಬೋರ್ಡಿನ ಮೇಲೆ ಕನೆಕ್ಟರ್ ಪಕ್ಕದಲ್ಲಿ ‘ಸ್ಪೀಡ್’, ‘ಪಲ್ಸ್’, ‘ಸೆನ್ಸರ್’ ಎಂದು ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವುದು ಸಾಮಾನ್ಯ. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಕಾಕಾನ ಸೈಕಲ್ಲಿನಲ್ಲಿ ಆರು ತಂತಿಗಳ ಜಾತಕ ತಿಳಿದದ್ದು ಹೀಗೆಯೇ.

ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆಯಿದೆ. ಸ್ಪೀಡ್ ಎಂದು ಗುರುತಾದ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೆಕೆಂಡಿಗೊಮ್ಮೆ ಮುಟ್ಟಿಸಿ ಬಿಡುತ್ತಾ ಹೋಗಿ. ನೀವೇ ಕೈಯಿಂದ ರೀಡ್ ಸ್ವಿಚ್ಚಿನ ಕೆಲಸ ಮಾಡುತ್ತಿದ್ದೀರಿ. ಪರದೆಯಲ್ಲಿ ವೇಗದ ಅಂಕಿ ಎದ್ದರೆ ಬೋರ್ಡು ಬದುಕಿದೆ. ದೋಷ ಅದರ ಕೆಳಗೆ ಎಲ್ಲೋ ಇದೆ. ಸಾವಿರಾರು ರೂಪಾಯಿ ಉಳಿಸುವುದು ಈ ಅರ್ಧ ನಿಮಿಷದ ಪರೀಕ್ಷೆ. ಸೆಲ್ಲಿನ ಡಿಸ್‌ಪ್ಲೇಗೆ, ಎರಡೇ ತಂತಿಯ ಸೆನ್ಸರಿಗೆ ಮಾತ್ರ ಇದನ್ನು ಮಾಡಿ. ಮೂರು ತಂತಿ ಇದ್ದಲ್ಲಿ ಕಂಡಕಂಡ ಎರಡನ್ನು ಮುಟ್ಟಿಸಿದರೆ ವಿದ್ಯುತ್ ಪೂರೈಕೆಯೇ ಶಾರ್ಟ್ ಆಗಬಹುದು.

ಮೂರು ತಂತಿ: ಹಾಲ್ ಸೆನ್ಸರ್

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವಿನ್ ಹಾಲ್ 1879ರಲ್ಲಿ ಚಿನ್ನದ ತೆಳು ಹಾಳೆಯಲ್ಲಿ ವಿದ್ಯುತ್ ಹರಿಸಿ, ಅದಕ್ಕೆ ಅಡ್ಡಲಾಗಿ ಅಯಸ್ಕಾಂತದ ಬಲ ತಾಗಿಸಿದರೆ ಹಾಳೆಯ ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುವುದನ್ನು ಕಂಡರು. ಆ ಗುಣವನ್ನು ಮೂರು ಕಾಲಿನ ಚಿಪ್ಪಿನೊಳಗೆ ಕೂರಿಸಿದ್ದೇ ಹಾಲ್ ಸೆನ್ಸರ್. ಒಳಗೆ ಅಲುಗಾಡುವ ಭಾಗವಿಲ್ಲದ್ದರಿಂದ ವೇಗವಾಗಿ ತಿರುಗುವ ಜಾಗಕ್ಕೆ ಒಳ್ಳೆಯದು. ಟ್ರೆಡ್‌ಮಿಲ್‌ಗಳಲ್ಲಿ, ದೊಡ್ಡ ಎಲಿಪ್ಟಿಕಲ್‌ಗಳಲ್ಲಿ ಕಾಣಿಸುತ್ತದೆ.

ಇದರ ಒಂದು ತಂತಿ ಪೂರೈಕೆ, ಒಂದು ನೆಲ, ಒಂದು ಸಂಕೇತ. ರೀಡ್ ಸ್ವಿಚ್ಚಿನಂತೆ ಬೀಪ್ ಪರೀಕ್ಷೆಗೆ ಇದು ಸಿಗುವುದಿಲ್ಲ. ವಿದ್ಯುತ್ ಕೊಟ್ಟರೆ ಮಾತ್ರ ಮಾತಾಡುತ್ತದೆ. ಪೂರೈಕೆಯನ್ನು ತಿರುಗುಮುರುಗು ಕೊಟ್ಟರೆ ಸುಟ್ಟುಹೋಗಬಹುದು. ಆದ್ದರಿಂದ ಮೊದಲು ಸೆನ್ಸರ್ ಬಿಡಿಸಿ, ಡಿಸ್‌ಪ್ಲೇ ಕಡೆಯ ಮೂರು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ. ಹೀಗೆ ಅಳೆಯುವುದು ಸೆಲ್ಲಿನಿಂದ, ಅಥವಾ ಗೋಡೆಗೆ ಚುಚ್ಚುವ ಸಣ್ಣ ಅಡಾಪ್ಟರಿನಿಂದ ನಡೆಯುವ ಯಂತ್ರದಲ್ಲಿ ಮಾತ್ರ. ನೆಲದ ತುದಿಗೆ ಹೋಲಿಸಿದರೆ ಉಳಿದ ಎರಡರಲ್ಲೂ 5 ವೋಲ್ಟಿನಂಥ ಅಂಕಿ ಕಾಣಬಹುದು. ಯಾವುದು ಪೂರೈಕೆ, ಯಾವುದು ಸಂಕೇತ?

ಇಲ್ಲಿ ಒಂದು ಚಿಕ್ಕ ಉಪಾಯ. 1 ಕಿಲೋ ಓಮ್ ರೆಸಿಸ್ಟರನ್ನು ಆ ತುದಿಗೂ ನೆಲಕ್ಕೂ ನಡುವೆ ಹಿಡಿದು ಮತ್ತೆ ಅಳೆಯಿರಿ. ಪೂರೈಕೆಯಾದರೆ ವೋಲ್ಟೇಜ್ ಅಲ್ಲಾಡುವುದಿಲ್ಲ. ಸಂಕೇತದ ತುದಿಯಾದರೆ ಧೊಪ್ಪನೆ ಕುಸಿಯುತ್ತದೆ, ಏಕೆಂದರೆ ಅಲ್ಲಿಗೆ ವಿದ್ಯುತ್ ಬರುವುದು ದೊಡ್ಡ ರೆಸಿಸ್ಟರ್ ಒಂದರ ಮೂಲಕ. ಬೋರ್ಡಿನಲ್ಲಿ 10 ಕಿಲೋ ಓಮ್ ಇದ್ದರೆ 5 ವೋಲ್ಟ್ ಅರ್ಧ ವೋಲ್ಟಿಗಿಂತ ಕೆಳಗಿಳಿಯುತ್ತದೆ. ಮೂವರಲ್ಲಿ ಯಾರು ಯಾರೆಂದು ತಿಳಿದ ಮೇಲೆ ಸೆನ್ಸರ್ ಜೋಡಿಸಿ, ಸಂಕೇತದ ತಂತಿಯ ಮೇಲೆ ಮಲ್ಟಿಮೀಟರ್ ಇಟ್ಟು ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಅಂಕಿ ಮೇಲೆ ಕೆಳಗೆ ಹಾರಿದರೆ ಸೆನ್ಸರ್ ಸರಿಯಿದೆ.

ನಾಲ್ಕು ತಂತಿ: ಬೆಳಕೋ, ಹಿಡಿಕೆಯೋ?

ನಾಲ್ಕು ತಂತಿ ಕಂಡರೆ ಎರಡು ಮುಖ್ಯ ಸಾಧ್ಯತೆಗಳು. ಮೊದಲನೆಯದು ಬೆಳಕಿನ ಸೆನ್ಸರ್. ಇಂಗ್ಲಿಷಿನ ಯು ಆಕಾರದ ಕಪ್ಪು ತುಣುಕು, ಅದರ ಸೀಳಿನಲ್ಲಿ ತೂತುಗಳಿರುವ ಚಕ್ರ ತಿರುಗುತ್ತದೆ. ಒಂದು ಬದಿಯಿಂದ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಹೊರಡುತ್ತದೆ, ಇನ್ನೊಂದು ಬದಿ ಅದನ್ನು ನೋಡುತ್ತದೆ. ಎರಡು ತಂತಿ ಬೆಳಕಿಗೆ, ಎರಡು ನೋಟಕ್ಕೆ. ನೆಲ ಹಂಚಿಕೊಂಡರೆ ಒಟ್ಟು ಮೂರೇ ಇರಬಹುದು. ಸೆನ್ಸರ್ ಬಿಡಿಸಿ, ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಜೋಡಿ ಜೋಡಿಯಾಗಿ ನೋಡಿ. ಒಂದು ದಿಕ್ಕಿನಲ್ಲಿ 1 ವೋಲ್ಟಿನ ಆಸುಪಾಸು, ತಿರುಗಿಸಿದರೆ ಏನೂ ಇಲ್ಲ ಎಂದಾದರೆ ಅದು ಬೆಳಕಿನ ಜೋಡಿ. ಅಡಾಪ್ಟರಿನಿಂದ ನಡೆಯುವ ಯಂತ್ರವಾದರೆ ಚಾಲೂ ಇರುವಾಗ ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿ. ಹಲವು ಫೋನುಗಳಲ್ಲಿ ಆ ಕಾಣದ ಬೆಳಕು ಮಂಕು ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಟಿವಿ ರಿಮೋಟಿನ ಮೇಲೆ ಮೊದಲು ಪರೀಕ್ಷಿಸಿಕೊಂಡರೆ ನಿಮ್ಮ ಫೋನಿಗೆ ಆ ಶಕ್ತಿ ಇದೆಯೇ ಎಂದು ತಿಳಿಯುತ್ತದೆ. ಈ ಸೆನ್ಸರಿನ ದೊಡ್ಡ ಶತ್ರು ಧೂಳು. ಬದಲಿಸುವ ಮುನ್ನ ಒಣ ಬ್ರಷ್ಷಿನಿಂದ ಸೀಳನ್ನು ಸ್ವಚ್ಛ ಮಾಡಿ ನೋಡಿ.

ಎರಡನೆಯದು ಕೈಹಿಡಿಕೆಯ ನಾಡಿ ಸೆನ್ಸರ್. ಪ್ರತಿ ಹಿಡಿಕೆಯಲ್ಲಿ ಎರಡು ಉಕ್ಕಿನ ತಗಡು, ಒಟ್ಟು ನಾಲ್ಕು ತಂತಿ. ಗುರುತಿಸುವುದು ಎಲ್ಲಕ್ಕಿಂತ ಸುಲಭ. ಒಂದು ಮೊನೆ ತಗಡಿಗೆ, ಇನ್ನೊಂದು ತಂತಿಗೆ; ಬೀಪ್ ಬಂದದ್ದು ಆ ತಗಡಿನದು. ಬೇರೆ ಬೇರೆ ತಗಡುಗಳ ನಡುವೆ ಸದ್ದು ಬರಬಾರದು. ಬಂದರೆ ಬೆವರಿನ ಉಪ್ಪು ಒಳಗೆ ಸೇರಿದೆ, ಇಲ್ಲವೇ ತಂತಿಗಳು ಮುಟ್ಟುತ್ತಿವೆ. ಹೃದಯದ ಬಡಿತದಿಂದ ಕೈಗೆ ಬರುವ ವಿದ್ಯುತ್ ವೋಲ್ಟಿನ ಸಾವಿರದ ಒಂದು ಭಾಗದ ಆಸುಪಾಸಿನದು. ಆದ್ದರಿಂದ ಈ ತಂತಿಗಳ ಜೋಡಣೆ ಬಿಗಿಯಾಗಿ, ಸ್ವಚ್ಛವಾಗಿ ಇರಬೇಕು. ಹೊರಗಿನಿಂದ ಯಾವ ವೋಲ್ಟೇಜನ್ನೂ ಇವಕ್ಕೆ ಕೊಡಕೂಡದು, ಇನ್ನೊಂದು ತುದಿಯಲ್ಲಿರುವುದು ಮನುಷ್ಯನ ಅಂಗೈ. ಇನ್ನೊಂದು ಮಾತು: ಹಿಡಿಕೆ ತೋರಿಸುವ ನಾಡಿಯ ಅಂಕಿ ಅಂದಾಜಿನದು. ಹೃದಯದ ತೊಂದರೆ ಇದ್ದವರು ಇದನ್ನು ವೈದ್ಯಕೀಯ ಯಂತ್ರವೆಂದು ನಂಬಬಾರದು.

ಐದು ತಂತಿ: ಮೋಟರಿನ ಜೊತೆಗೊಬ್ಬ ಪಹರೆಯವನು

ಗುಂಡಿ ಒತ್ತಿ ಬಿಗಿ ಹೆಚ್ಚು ಕಡಿಮೆ ಮಾಡುವ ಸೈಕಲ್, ಎಲಿಪ್ಟಿಕಲ್‌ಗಳಲ್ಲಿ ಸಣ್ಣ ಗೇರ್ ಮೋಟರ್ ಅಯಸ್ಕಾಂತಗಳನ್ನು ಗಾಲಿಯ ಹತ್ತಿರ, ದೂರ ಸರಿಸುತ್ತದೆ. ಮೋಟರಿಗೆ ಎರಡು ತಂತಿ. ಅದು ಎಲ್ಲಿಯವರೆಗೆ ತಿರುಗಿದೆ ಎಂದು ವರದಿ ಮಾಡುವ ಪೊಟೆನ್ಷಿಯೋಮೀಟರಿಗೆ ಮೂರು. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುತ್ತಿದ್ದದ್ದೂ ಇದೇ.

ಪ್ಲಗ್ ಬಿಡಿಸಿ ಓಮ್ ಅಳೆಯಿರಿ. ಕೆಲವೇ ಓಮ್ ಅಥವಾ ಕೆಲವು ಹತ್ತು ಓಮ್ ತೋರಿಸುವ ಜೋಡಿ ಮೋಟರಿನದು. ಉಳಿದ ಮೂರರಲ್ಲಿ ಮೂರು ಜೋಡಿಗಳು. ಉದಾಹರಣೆಗೆ 3,000, 7,000 ಮತ್ತು 10,000 ಓಮ್ ಬಂತೆನ್ನಿ. ದೊಡ್ಡದು ಉಳಿದೆರಡರ ಮೊತ್ತವಾಗಿರುತ್ತದೆ. ಆ ದೊಡ್ಡ ಅಂಕಿ ಕೊಟ್ಟ ಎರಡು ತಂತಿಗಳು ಎರಡು ಕೊನೆಗಳು, ಹೊರಗುಳಿದ ಮೂರನೆಯದೇ ನಡುವಿನ ಸಂಕೇತದ ತಂತಿ. ಬಣ್ಣವೂ ಬೇಡ, ನಕ್ಷೆಯೂ ಬೇಡ, ಕೂಡುವ ಲೆಕ್ಕ ಬಂದರೆ ಸಾಕು. ಎರಡು ಕೊನೆಗಳನ್ನು ಅದಲುಬದಲು ಮಾಡಿದರೆ ಮಾತ್ರ ಯಂತ್ರಕ್ಕೆ ದಿಕ್ಕು ತಪ್ಪಿ ಮೋಟರ್ ಕೊನೆಯವರೆಗೂ ಎಳೆಯಬಹುದು. ಅದಕ್ಕೇ ಮೊದಲೇ ತೆಗೆದ ಫೋಟೋ ಬೇಕಾಗುವುದು.

ಇಲ್ಲಿ ಕೈ ನಿಲ್ಲಿಸಿ

ಟ್ರೆಡ್‌ಮಿಲ್‌ನ ಸೆನ್ಸರ್ ಸೈಕಲ್ಲಿನ ಸೆನ್ಸರಿನ ತಮ್ಮನೇ, ಆದರೆ ಇರುವ ಮನೆ ಬೇರೆ. ಮುಂಭಾಗದ ಕವರಿನ ಕೆಳಗಿರುವ ಮೋಟರ್ ಬೋರ್ಡು 230 ವೋಲ್ಟ್ ವಿದ್ಯುತ್ತನ್ನು ಪಡೆದು ಡಿಸಿ ಮಾಡಿದಾಗ ಅದರ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್ ತುಂಬಿರಬಹುದು. ಪ್ಲಗ್ ಕಿತ್ತ ಮೇಲೂ ಅದು ಕೆಲ ಹೊತ್ತು ಉಳಿದಿರುತ್ತದೆ. ಬೋರ್ಡಿನ ‘ನೆಲ’ ಎಂದು ಕಾಣುವ ತಂತಿಯೂ ಹಲವು ಯಂತ್ರಗಳಲ್ಲಿ ಮನೆಯ ವಿದ್ಯುತ್ತಿಗೆ ನೇರ ಸೇರಿರುತ್ತದೆ. ಆದ್ದರಿಂದ ಟ್ರೆಡ್‌ಮಿಲ್ ಚಾಲೂ ಇರುವಾಗ ಅಳತೆ ಬೇಡವೇ ಬೇಡ. ಗೋಡೆಯ ಪ್ಲಗ್ ಕಿತ್ತು, ಕಾದು, ಸೆನ್ಸರಿನ ಸ್ವಂತ ಪ್ಲಗ್ಗನ್ನು ಬೋರ್ಡಿನಿಂದ ಬೇರೆ ಮಾಡಿದ ಮೇಲೆ ಸೆನ್ಸರ್ ಕಡೆಯ ತಂತಿಗೆ ಮಾತ್ರ ಮಲ್ಟಿಮೀಟರ್ ಹಿಡಿಯಬಹುದು. ಬೋರ್ಡಿನ ಕಡೆಗೆ ಕೈ ಹಾಕುವುದು ಅದನ್ನು ಬಲ್ಲ ಎಲೆಕ್ಟ್ರಿಷಿಯನ್ ಕೆಲಸ.

ಸೆನ್ಸರ್ ಕೆಟ್ಟ ಟ್ರೆಡ್‌ಮಿಲ್ ಕೊಡುವ ಸುಳಿವು ಒಂದಿದೆ. ಪಟ್ಟಿ ಹೊರಡುತ್ತದೆ, ಕೆಲವು ಸೆಕೆಂಡು ಓಡುತ್ತದೆ, ಒಮ್ಮೊಮ್ಮೆ ವೇಗ ಏರುತ್ತದೆ, ಆಮೇಲೆ ತಪ್ಪಿನ ಸಂಖ್ಯೆ ತೋರಿಸಿ ನಿಲ್ಲುತ್ತದೆ. ಮೋಟರ್ ತಿರುಗುತ್ತಿದೆ ಎಂಬ ಸುದ್ದಿ ಬೋರ್ಡಿಗೆ ತಲುಪುತ್ತಿಲ್ಲ ಎಂದು ಇದರ ಅರ್ಥ. ವೇಗ ಏರಬಹುದಾದ್ದರಿಂದ ಪರೀಕ್ಷೆಯ ಹೊತ್ತಿಗೆ ಪಟ್ಟಿಯ ಮೇಲೆ ಯಾರೂ ನಿಲ್ಲಬಾರದು. ಬಟ್ಟೆಗೆ ಸಿಕ್ಕಿಸಿಕೊಳ್ಳುವ ಸುರಕ್ಷಾ ಕೀಲಿಯಲ್ಲೂ ಅನೇಕ ಯಂತ್ರಗಳಲ್ಲಿ ಇರುವುದು ಒಂದು ಅಯಸ್ಕಾಂತವೇ. ಕೀಲಿ ಕಳೆದುಹೋಗಿದೆಯೆಂದು ಆ ತಂತಿಗಳನ್ನು ಶಾಶ್ವತವಾಗಿ ಜೋಡಿಸಿಬಿಡುವವರಿದ್ದಾರೆ. ಅಜ್ಜಿ ಎಡವಿದಾಗ ಯಂತ್ರ ನಿಲ್ಲಿಸುವುದು ಅದೊಂದೇ, ಅದನ್ನು ಮಾಡಬೇಡಿ.

ಬಿಡಿಭಾಗ ಎಲ್ಲಿ, ಏನೆಂದು ಕೇಳಬೇಕು?

ನಮ್ಮ ಒಂದೊಂದು ಮಹಾನಗರಕ್ಕೂ ಒಂದು ಗಲ್ಲಿ ಇದೆ. ಮುಂಬಯಿಯಲ್ಲಿ ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಟೆಯ ತಾಪಕೀರ್ ಗಲ್ಲಿ, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಹೈದರಾಬಾದಿನಲ್ಲಿ ಕೋಠಿಯ ಗುಜರಾತಿ ಗಲ್ಲಿ, ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರ್ಕೆಟ್. ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ. ಅಂಗಡಿಯಲ್ಲಿ ‘ವ್ಯಾಯಾಮದ ಸೈಕಲ್ಲಿನ ಸೆನ್ಸರ್’ ಎಂದು ಕೇಳಿದರೆ ತಲೆಯಾಡಿಸಬಹುದು. ‘ರೀಡ್ ಸ್ವಿಚ್’ ಎಂದು ಕೇಳಿ. ಬರೀ ಗಾಜಿನ ಕೊಳವೆ ಬಾಗಿಸುವಾಗ ಒಡೆಯುವ ಭಯವಿದ್ದರೆ ಕಳ್ಳರ ಅಲಾರಮ್ಮಿಗೆ ಬಳಸುವ ‘ಮ್ಯಾಗ್ನೆಟಿಕ್ ಡೋರ್ ಸೆನ್ಸರ್’ ಕೇಳಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ರೀಡ್ ಸ್ವಿಚ್, ಜೊತೆಗೊಂದು ಅಯಸ್ಕಾಂತ ಎರಡೂ ಸಿಗುತ್ತವೆ. ಅಯಸ್ಕಾಂತ ಹತ್ತಿರ ಬಂದಾಗ ಬೀಪ್ ಬರುವ ಬಗೆಯದೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ ಕೊಳ್ಳಿ.

ಕೂರಿಸುವಾಗ ಅಯಸ್ಕಾಂತಕ್ಕೂ ಸೆನ್ಸರಿಗೂ ನಡುವೆ ಕೆಲವೇ ಮಿಲಿಮೀಟರ್ ಅಂತರವಿರಲಿ, ಆದರೆ ತಿರುಗುವಾಗ ತಾಗಬಾರದು. ಮೊದಲು ಒಂದು ಅಯಸ್ಕಾಂತವಿದ್ದಲ್ಲಿ ಒಂದೇ ಇರಬೇಕು. ಇನ್ನೊಂದು ಸೇರಿಸಿದರೆ ಎಣಿಕೆ ಇಮ್ಮಡಿಯಾಗಿ, ಠಾಣೆಯ ಹಾಲಿನಲ್ಲಿ ಕೂತವರು ವಾರದೊಳಗೆ ಧಾರವಾಡ ಮುಟ್ಟಿದ ಲೆಕ್ಕ ಬರುತ್ತದೆ. ಸರಿಯಾಗಿದೆಯೇ ಎಂದು ನೋಡಲು ಗಡಿಯಾರ ಹಿಡಿದು ಒಂದು ನಿಮಿಷ ಪೆಡಲ್ ಸುತ್ತು ಎಣಿಸಿ, ಪರದೆಯ ಸುತ್ತಿನ ಅಂಕಿಗೆ ಹೋಲಿಸಿ. ಟ್ರೆಡ್‌ಮಿಲ್ ರಿಪೇರಿ ಮಾಡುವವರಿಗೂ ಇಂಥದೇ ಲೆಕ್ಕ ಉಪಯೋಗ. 45 ಮಿ.ಮೀ. ದಪ್ಪದ ರೋಲರ್ ಒಂದು ಸುತ್ತಿಗೆ ಸುಮಾರು 141 ಮಿ.ಮೀ. ಪಟ್ಟಿ ಎಳೆಯುತ್ತದೆ. ಗಂಟೆಗೆ 6 ಕಿ.ಮೀ. ನಡಿಗೆ ಎಂದರೆ ನಿಮಿಷಕ್ಕೆ 100 ಮೀಟರ್, ಅಂದರೆ ನಿಮಿಷಕ್ಕೆ ಸುಮಾರು 707 ಸುತ್ತು. ಸೆನ್ಸರ್ ಸೆಕೆಂಡಿಗೆ ಹೆಚ್ಚುಕಮ್ಮಿ 12 ಸಲ ಮಿಡಿಯಬೇಕು.

ಮುಂದಿನವರಿಗೊಂದು ಚೀಟಿ

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿದ್ಯುನ್ಮಾನ ಭಾಗಗಳಿರುವ ಕ್ರೀಡಾ ಸಾಮಗ್ರಿಗಳೂ ಸೇರಿವೆ. ನಿಜವಾಗಿ ಸತ್ತ ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಡುವುದೇ ಸರಿಯಾದ ದಾರಿ. ಸಾಯದ ಯಂತ್ರದ ಬಗ್ಗೆಯೂ ಸರ್ಕಾರ ಒಂದಿಷ್ಟು ಯೋಚಿಸಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು 2022ರ ಜುಲೈಯಲ್ಲಿ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಮೊದಲು ಆರಿಸಿಕೊಂಡ ಕ್ಷೇತ್ರಗಳು ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ. ವ್ಯಾಯಾಮ ಯಂತ್ರಗಳ ತಂತಿನಕ್ಷೆ ಕೊಳ್ಳುವವರ ಕೈಗೆ ಬರಲು ಇನ್ನೂ ಕಾಯಬೇಕು.

ಕಾಯುವಷ್ಟು ದಿನ ನಕ್ಷೆಯನ್ನು ನಾವೇ ಬರೆಯಬಹುದು. ಯಾವ ತಂತಿ ಯಾವುದರದು, ಪೆಡಲ್ ತಿರುಗಿಸಿದಾಗ ಮಲ್ಟಿಮೀಟರ್ ಏನು ಹೇಳಿತು, ಯಾವ ಭಾಗವನ್ನು ಯಾವ ತಾರೀಖಿಗೆ ಬದಲಿಸಿದೆವು ಎಂದು ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ ಕವರಿನ ಒಳಮೈಗೆ ಅಂಟಿಸಿ. ಸೊಸೈಟಿಯ ಜಿಮ್ಮಿನಲ್ಲಿ ಯಂತ್ರಗಳಿದ್ದರೆ ಸೆಕ್ರೆಟರಿಯ ಕಡತದಲ್ಲೂ ಒಂದು ಪ್ರತಿ ಇರಲಿ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಊರಿಂದ ಊರಿಗೆ ಸಾಮಾನು ಸಾಗಿಸುವ ನಮ್ಮಂಥವರ ಯಂತ್ರಗಳು ಮತ್ತೆ ಬಿಚ್ಚಿಕೊಳ್ಳುವುದು ಖಂಡಿತ. ಮುಂದಿನ ಸಲ ಅದನ್ನು ಜೋಡಿಸುವವರು ಯಾರೇ ಆಗಲಿ, ಆ ಚೀಟಿ ಅವರಿಗೆ ಸಿಗಲಿ.